ನಾಲ್ಕು ಪದದ ಷರಾ

2019ರ ಮೇ ತಿಂಗಳಲ್ಲಿ ಒಂದು ಪತ್ರದ ಮೇಲೆ ನಾನು ನಾಲ್ಕು ಪದ ಬರೆದೆ. ‘ಸೂಕ್ತ ಮಾರ್ಗದಲ್ಲಿ ಬಂದಿಲ್ಲ. ಕಡತದಲ್ಲಿಡಿ.’ ಕೆಳಗೆ ಸಹಿ, ದಿನಾಂಕ. ಗುಮಾಸ್ತರು ಬಂದು ಎತ್ತಿಕೊಂಡು ಹೋದರು. ಮೂರು ತಿಂಗಳು ಕಳೆದ ಮೇಲೆ, ಮಲಗಿಹೋದ ಕಬ್ಬಿನ ನಡುವೆ, ಮೊಣಕಾಲುದ್ದ ಕೆಸರಿನಲ್ಲಿ ಒಂದು ದನದ ಕೊಟ್ಟಿಗೆಯ ಮುಂದೆ ನಿಂತಿದ್ದಾಗ ಆ ನಾಲ್ಕು ಪದ ನೆನಪಿಗೆ ಬಂದವು. ಕೊಟ್ಟಿಗೆಯಲ್ಲಿ ಸಾಲಾಗಿ ಗೂಟಗಳು. ಗೂಟಗಳಲ್ಲಿ ಹಗ್ಗಗಳು ಬಿಗಿದ ಗಂಟಿನೊಡನೆ ಹಾಗೇ ಇದ್ದವು.

ಆಗ ನಾನು ಬೆಳಗಾವಿ ಜಿಲ್ಲೆಯ ಗಡಿ ತಾಲ್ಲೂಕೊಂದರಲ್ಲಿ ಕಂದಾಯ ಇಲಾಖೆಯ ಅಧಿಕಾರಿ. ಮಳೆಗಾಲ ಬಂತೆಂದರೆ ಹೊಳೆದಂಡೆಯ ಕೆಲವು ಊರುಗಳಿಗೆ ನಾನೇ ನೋಡಲ್ ಅಧಿಕಾರಿ. ನೀರಾವರಿ ಇಲಾಖೆ, ಪೊಲೀಸ್, ವಿದ್ಯುತ್ ಕಂಪನಿ, ಆರೋಗ್ಯ, ಪಶುಸಂಗೋಪನೆ, ಪಂಚಾಯಿತಿ, ಇವೆಲ್ಲದರ ಜೊತೆಗೆ ಹೊಳೆಯಾಚೆಯ ಇನ್ನೊಂದು ರಾಜ್ಯದ ಕಚೇರಿಗಳು, ಇಷ್ಟನ್ನೂ ಒಂದು ದಾರದಲ್ಲಿ ಪೋಣಿಸುವುದು ನನ್ನ ಕೆಲಸ. ‘ಸಮನ್ವಯ’ ಎಂಬ ಶಬ್ದವನ್ನು ನನ್ನ ಸೇವೆಯಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅದರ ಅರ್ಥ ತಿಳಿದದ್ದು ತಡವಾಗಿ, ಬೇರೆಯವರ ನಷ್ಟದಿಂದ.

ನಮ್ಮ ಸೀಮೆಯ ನೀರಿನ ದಾರಿಯನ್ನು ಸ್ವಲ್ಪ ಹೇಳಬೇಕು. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಕರಾಡದಲ್ಲಿ ಕೊಯ್ನಾ ಬಂದು ಕೂಡುತ್ತದೆ. ಮೇಲೆ 105 ಟಿಎಂಸಿ ಹಿಡಿಯುವ ಕೊಯ್ನಾ ಅಣೆಕಟ್ಟು. ಸಾಂಗ್ಲಿ ದಾಟಿ ಕೆಳಗೆ ಬಂದರೆ ನರಸೋಬಾವಾಡಿಯಲ್ಲಿ ಕೊಲ್ಹಾಪುರದ ಕಡೆಯಿಂದ ಪಂಚಗಂಗಾ ಸೇರುತ್ತದೆ. ಅಲ್ಲಿಂದ ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜ್, ಅದನ್ನು ದಾಟಿದರೆ ಕರ್ನಾಟಕ. ಈಚೆ ವೇದಗಂಗೆಯ ನೀರನ್ನೂ ಕೂಡಿಸಿಕೊಂಡು ದೂಧಗಂಗಾ ಬಂದು ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದ ಹತ್ತಿರ ಕೃಷ್ಣೆಗೆ ಬೀಳುತ್ತದೆ. ಅದಕ್ಕೇ ನಮ್ಮ ಕಡೆಯ ಪತ್ರಿಕೆಗಳಲ್ಲಿ ಮಳೆಗಾಲದ ಸುದ್ದಿ ಯಾವಾಗಲೂ ಕೂಡಿಸುವ ಲೆಕ್ಕ: ರಾಜಾಪುರದಿಂದ ಇಷ್ಟು ಕ್ಯೂಸೆಕ್, ದೂಧಗಂಗೆಯಿಂದ ಇಷ್ಟು, ಕಲ್ಲೋಳದ ಬಳಿ ಒಟ್ಟು ಇಷ್ಟು. ಅದರ ಕೆಳಗೆ ಮುಳುಗಿದ ಸೇತುವೆಗಳ ಪಟ್ಟಿ: ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ. ಬ್ಯಾರೇಜಿನ ಮೇಲೇ ಹಾದಿ ಮಾಡಿದ ತಗ್ಗಿನ ಸೇತುವೆಗಳಿವು. ಪ್ರತಿ ವರ್ಷ ಮುಳುಗುತ್ತವೆ, ಪ್ರತಿ ವರ್ಷ ಏಳುತ್ತವೆ. ಇಲ್ಲಿನ ಜನ ‘ಹೊಳಿ ಬಂತು’ ಅನ್ನುತ್ತಾರೆ, ‘ಪ್ರವಾಹ’ ಅನ್ನುವುದಿಲ್ಲ. ಬರುವವಳು ಪರಿಚಯದವಳು ಅನ್ನುವ ಭಾವ.

ಆ ಪತ್ರ ಬಂದದ್ದು ಹೊಳೆಯಾಚೆಯ ಒಂದು ತಾಲ್ಲೂಕಿನ ನಾಯಬ್ ತಹಶೀಲ್ದಾರರಿಂದ. ಮರಾಠಿಯಲ್ಲಿತ್ತು, ಒಂದೂವರೆ ಪುಟ. ಮಳೆ ಹಿಡಿಯುವ ಮೊದಲು ಎರಡೂ ಕಡೆಯವರು ಒಂದು ದಿನ ಸೇತುವೆಯ ಹತ್ತಿರ ಕೂಡೋಣ ಎಂದು ಬರೆದಿದ್ದರು. ದೋಣಿ ಎಷ್ಟಿವೆ, ನಡೆಸುವವರು ಯಾರು, ರಾತ್ರಿ ಯಾರ ಫೋನಿಗೆ ಮಾಡಬೇಕು ಎಂಬ ಪಟ್ಟಿ ಬೇಕಿತ್ತು ಅವರಿಗೆ. ಕೊನೆಯಲ್ಲಿ ಇನ್ನೊಂದು ಕೇಳಿಕೆ. ನಮ್ಮ ಮಾಪಕದಲ್ಲಿ ಇಷ್ಟು ಅಡಿ ನೀರಿದ್ದಾಗ ನಿಮ್ಮ ಯಾವ ಊರಿನ ಯಾವ ಹಾದಿ ಬಂದಾಗುತ್ತದೆ ಎಂಬುದನ್ನು ಊರವಾರು ಬರೆದು ಕೊಡಿ, ಅದರ ಪ್ರಕಾರ ನಾವು ಮೊದಲೇ ತಿಳಿಸಲು ಬರುತ್ತದೆ, ಎಂದು.

ನನಗೆ ಮರಾಠಿ ಚೆನ್ನಾಗಿ ಓದಲು ಬರುತ್ತದೆ. ನನ್ನ ತಾಯಿಯ ತವರು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು. ಆಕೆ ಕಲಿತದ್ದು ಅಲ್ಲಿನ ಕನ್ನಡ ಶಾಲೆಯಲ್ಲಿ. ಮಹಾರಾಷ್ಟ್ರದ ಒಳಗೆ ಕನ್ನಡದಲ್ಲೇ ಬೆಳೆದವಳು ಅವಳು, ನಾನು ಕರ್ನಾಟಕದಲ್ಲಿ ಮರಾಠಿ ಪತ್ರಿಕೆ ಓದುತ್ತ ಬೆಳೆದವನು. ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋದಾಗ ಎರಡು ಭಾಷೆಯ ನಡುವೆ ಗೆರೆ ಎಲ್ಲಿದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಹಾಗಿದ್ದರೂ ಆ ಪತ್ರವನ್ನು ಓದಿ, ಪ್ರತಿ ಸಾಲೂ ಅರ್ಥವಾಗಿ, ಅದು ನನಗೆ ಬಂದೇ ಇಲ್ಲ ಎನ್ನುವ ಹಾಗೆ ಷರಾ ಬರೆದೆ.

ಯಾಕೆ ಹಾಗೆ ಮಾಡಿದೆ ಎಂದು ಮುಚ್ಚಿಡದೆ ಹೇಳಬೇಕು, ಇಲ್ಲವಾದರೆ ಇದನ್ನು ಬರೆದು ಪ್ರಯೋಜನವಿಲ್ಲ. ಗಡಿ ಎಂದರೆ ನಮ್ಮಲ್ಲಿ ಗಾಯ. 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ವರದಿ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ದಾವೆ, ಇವುಗಳ ಬಿಸಿ ಒಂದೊಂದು ವಾರ ಬೀದಿಗೆ ಬರುತ್ತದೆ. ಆ ವಾರವೂ ಎಲ್ಲಿಯೋ ನಾಮಫಲಕದ ತಕರಾರು ಎದ್ದಿತ್ತು. ಮರಾಠಿ ಪತ್ರಕ್ಕೆ ಕರ್ನಾಟಕದ ಅಧಿಕಾರಿ ಉತ್ತರ ಕೊಟ್ಟ ಎಂದು ಯಾರಾದರೂ ಫೋಟೊ ತೆಗೆದು ಹಂಚಿದರೆ ಏನು ಗತಿ ಎಂಬ ಹೆದರಿಕೆ ನನ್ನೊಳಗೆ ಹೊಕ್ಕಿತು. ಆ ಹೆದರಿಕೆಗೆ ‘ಕನ್ನಡದ ಅಭಿಮಾನ’ ಎಂದು ಹೆಸರಿಟ್ಟುಕೊಂಡೆ. ಕನ್ನಡದಲ್ಲೇ ಒಂದು ಉತ್ತರ ಬರೆಯಬಹುದಿತ್ತು. ಬರೆಯದೆ, ಪತ್ರ ಮೇಲಿನಿಂದ ಇಳಿದು ಬರಲಿ, ಜಿಲ್ಲೆಯಿಂದ ಜಿಲ್ಲೆಗೆ ಬರಲಿ ಎಂದು ನಿಯಮವನ್ನು ಮುಂದಿಟ್ಟೆ. ಅಭಿಮಾನ ಇದ್ದದ್ದೇ ಆದರೆ ಅದು ಹೊಳೆದಂಡೆಯ ಕನ್ನಡದ ಮನೆಗಳ ಮೇಲೆ ಇರಬೇಕಿತ್ತು. ನನ್ನದು ಕಾಗದದ ಮೇಲಿತ್ತು.

ಮಳೆಗಾಲದ ಮುಂಚೆ ಮೇಲಿನ ಹಂತದಲ್ಲಿ ಸಭೆಗಳಾಗುತ್ತವೆ. ನಡಾವಳಿ ಬರುತ್ತದೆ. ‘ಉಭಯ ರಾಜ್ಯಗಳ ಅಧಿಕಾರಿಗಳು ಪರಸ್ಪರ ಸಂಪರ್ಕದಲ್ಲಿರತಕ್ಕದ್ದು.’ ‘ತಗ್ಗು ಪ್ರದೇಶದ ಜನರನ್ನು ಸಕಾಲದಲ್ಲಿ ಸ್ಥಳಾಂತರಿಸತಕ್ಕದ್ದು.’ ಇಂಥ ವಾಕ್ಯಗಳನ್ನು ನಾನೂ ನೂರಾರು ಬರೆದಿದ್ದೇನೆ. ಈಗ ಓದಿದರೆ ಆ ‘ತಕ್ಕದ್ದು’ ನನ್ನನ್ನು ತಡೆದು ನಿಲ್ಲಿಸುತ್ತದೆ. ಅದರಲ್ಲಿ ಕೆಲಸವಿದೆ, ಮಾಡುವವನಿಲ್ಲ. ಯಾರು ಯಾರಿಗೆ ಫೋನು ಮಾಡಬೇಕು? ಎಷ್ಟು ಗಂಟೆಗೆ? ಎತ್ತದಿದ್ದರೆ ಆಮೇಲೆ ಯಾರಿಗೆ? ‘ಸಕಾಲ’ ಎಂದರೆ ಮಾಪಕದಲ್ಲಿ ಎಷ್ಟು? ಯಾವುದಕ್ಕೂ ಅಲ್ಲಿ ಉತ್ತರವಿಲ್ಲ. ಆದರೂ ಕಡತ ಪೂರ್ಣವಾಗುತ್ತದೆ.

ಆ ವರ್ಷ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು, ಜೋಕಾಲಿ. ಮಳೆ ಜುಲೈ ಕೊನೆಯಿಂದಲೇ ಬಿಟ್ಟಿರಲಿಲ್ಲ. ಹಿಂದಿನ ದಿನ, ಚೌತಿಯ ಭಾನುವಾರ, ಹೊಳೆದಂಡೆಯ ಒಂದು ತೋಟಪಟ್ಟಿಯಿಂದ ಹಿರಿಯ ರೈತರೊಬ್ಬರು ತಲೆಗೆ ಗೊಬ್ಬರದ ಚೀಲ ಮಡಚಿ ಹೊದ್ದುಕೊಂಡು ಕಚೇರಿಗೆ ಬಂದರು. ವರ್ಷಗಳ ಪರಿಚಯ. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಅವರ ತೋಟಪಟ್ಟಿ ಊರಿನಿಂದ ಎರಡು ಕಿಲೋಮೀಟರ್ ದೂರ, ಹೊಳೆಯ ಮಗ್ಗುಲಲ್ಲಿ ಹದಿನಾಲ್ಕು ಮನೆ. ಊರಿಗೆ ಬರುವ ಹಾದಿಯಲ್ಲಿ ಒಂದು ಹಳ್ಳ, ಹಳ್ಳಕ್ಕೆ ಮೋರಿ.

“ಸಾಹೇಬ್ರ, ಕುರುಂದವಾಡಕ್ಕ ಕೊಟ್ಟ ಮಗಳು ಫೋನ್ ಮಾಡಿದ್ಲರಿ. ಹಬ್ಬಕ್ಕ ಬರಾಕ ಆಗೂದಿಲ್ಲಂತ. ವಾಡಿಯಾಗ ದಕ್ಷಿಣದ್ವಾರ ಆಗಿ ಹೋತಂತ, ಉತ್ಸವಮೂರ್ತಿನೂ ಮ್ಯಾಲ ಒಯ್ದಾರಂತ. ಈ ಸಲದ ಹೊಳಿ ಬ್ಯಾರೆ ಐತಿ, ದನಾ ಹೊಡಕೊಂಡು ಮ್ಯಾಲ ಹೋಗ್ರಿ ಅಂತಾಳ. ಏನ್ ಮಾಡೂಣ್ರಿ?”

ನರಸೋಬಾವಾಡಿಯ ದತ್ತ ದೇವಸ್ಥಾನ ಹೊಳೆಯ ದಂಡೆಯಲ್ಲೇ ಇದೆ. ನೀರು ಏರಿ ಗರ್ಭಗುಡಿಯ ಪಾದುಕೆಗಳ ಮೇಲೆ ಹರಿದು ದಕ್ಷಿಣದ ಬಾಗಿಲಿನಿಂದ ಹೊರಬಿದ್ದಾಗ ಭಕ್ತರು ಅಲ್ಲಿ ಸ್ನಾನ ಮಾಡುತ್ತಾರೆ. ಅದೇ ದಕ್ಷಿಣದ್ವಾರ. ಎರಡೂ ರಾಜ್ಯದ ಹೆಂಗಸರಿಗೆ ಅದೊಂದು ಮಾಪಕ. ದೇವರನ್ನು ಮೇಲಕ್ಕೆ ಒಯ್ದರು ಎಂದರೆ ಕೆಳಗಿನ ಊರುಗಳಲ್ಲಿ ಅಟ್ಟಕ್ಕೆ ಸಾಮಾನು ಏರುತ್ತದೆ. ಇದೆಲ್ಲ ನನಗೂ ಗೊತ್ತಿತ್ತು, ನನ್ನ ತಾಯಿಯೂ ಹೇಳುತ್ತಿದ್ದಳು.

ನಾನು ರಿಜಿಸ್ಟರ್ ತೆರೆದು ನೋಡಿದೆ. ಬೆಳಗಿನ ಅಳತೆಯಲ್ಲಿ ನಮ್ಮ ಬ್ಯಾರೇಜಿನ ನೀರು ಅಪಾಯದ ಮಟ್ಟಕ್ಕಿಂತ ಮುಕ್ಕಾಲು ಮೀಟರ್ ಕೆಳಗಿತ್ತು.

“ಕಾಕಾ, ಇನ್ನ ಮುಕ್ಕಾಲು ಮೀಟರ್ ಐತಿ. ಏಳೂದು ಬಂದ್ರ ನಾನ ಹೇಳಿ ಕಳಸ್ತೀನಿ. ಹಬ್ಬ ಮಾಡ್ರಿ ಹೋಗ್ರಿ.”

ಅವರು ನಿಂತೇ ಇದ್ದರು. ನಲವತ್ತು ದನ ಹೊಡೆದುಕೊಂಡು ಊರಿಗೆ ಬರುವುದೆಂದರೆ ಸಣ್ಣ ಮಾತಲ್ಲ. ಕಟ್ಟಲು ಜಾಗ ಬೇಕು, ಮೇವು ಬೇಕು, ಹಾಲಿನ ಡೇರಿಯ ಲೆಕ್ಕ ತಪ್ಪುತ್ತದೆ, ಮನೆ ತುಂಬ ತವರಿಗೆ ಬಂದ ಮಕ್ಕಳು. ಸುಮ್ಮನೆ ಎದ್ದು ಬಂದು ನೀರು ಬರದಿದ್ದರೆ ನಾಕು ಮಂದಿ ಆಡಿಕೊಳ್ಳುತ್ತಾರೆ. ಒಬ್ಬ ಅಧಿಕಾರಿಯ ಬಾಯಿಂದ ಒಂದು ಮಾತು ಬರಲಿ ಎಂದೇ ಅವರು ಅಷ್ಟು ದೂರ ಮಳೆಯಲ್ಲಿ ನಡೆದು ಬಂದದ್ದು. ನಾನು ಮಾತು ಕೊಟ್ಟೆ, ತಪ್ಪು ಮಾತು ಕೊಟ್ಟೆ. ಅವರು ಚೀಲ ಹೊದ್ದುಕೊಂಡು ತಿರುಗಿ ಹೋದರು.

ಮರುದಿನ ಸಂಜೆಯೊಳಗೆ ಮೇಲಿನಿಂದ ಸುದ್ದಿ ಬಂದಿತ್ತು, ನನ್ನ ಫೋನಿನಲ್ಲೇ ಇತ್ತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡೂ ಕಡೆಯ ಹತ್ತಾರು ಜನ. ಪಂಚಮಿಯ ಶುಭಾಶಯ, ಮುಳುಗಿದ ಸೇತುವೆಯ ವಿಡಿಯೊ, ಅವುಗಳ ನಡುವೆ ಆಚೆಯ ಎಂಜಿನಿಯರೊಬ್ಬರು ಹಾಕಿದ ಒಂದು ಕೋಷ್ಟಕ. ನಾನು ನೋಡಿದ್ದು ರಾತ್ರಿ ಒಂಬತ್ತಕ್ಕೆ. ಆಚೆಯವರ ಮಾತೆಲ್ಲ ಅಡಿಯಲ್ಲಿ. ಕೊಲ್ಹಾಪುರದ ರಾಜಾರಾಮ್ ಬಂಧಾರಾದಲ್ಲಿ 39 ಅಡಿ ಎಚ್ಚರಿಕೆ, 43 ಅಡಿ ಅಪಾಯ. ಸಾಂಗ್ಲಿಯ ಇರ್ವಿನ್ ಸೇತುವೆಯಲ್ಲಿ 40 ಮತ್ತು 45. ಆ ವರ್ಷದ ನೀರು ಕೊನೆಗೆ ರಾಜಾರಾಮ್‌ನಲ್ಲಿ 55 ಅಡಿ ದಾಟಿತು. ನಮ್ಮ ಮಾಪಕಗಳು ಸಮುದ್ರಮಟ್ಟದಿಂದ ಮೀಟರಿನಲ್ಲಿ. ಅಣೆಕಟ್ಟಿನ ಮಾತು ಬಂದರೆ ಟಿಎಂಸಿ, ಹರಿವಿನ ಮಾತು ಬಂದರೆ ಕ್ಯೂಸೆಕ್. 11,574 ಕ್ಯೂಸೆಕ್ ಒಂದಿಡೀ ದಿನ ಹರಿದರೆ ಒಂದು ಟಿಎಂಸಿ ಎಂಬ ಲೆಕ್ಕ ನನಗೆ ಬಾಯಿಪಾಠ. ಆದರೆ ಕೋಷ್ಟಕದಲ್ಲಿದ್ದ ಅಂಕಿಗೆ ಕಾಕಾನ ಹಾದಿಯ ಮೋರಿ ಎಷ್ಟು ಗಂಟೆಗೆ ಮುಳುಗುತ್ತದೆ? ನಮ್ಮ ನೀರಾವರಿ ಎಂಜಿನಿಯರಿಗೆ ಫೋನು ಮಾಡಿದೆ. ಬೆಳಗಿನ ಹೊತ್ತಿಗೆ ಬ್ಯಾರೇಜಿನಲ್ಲಿ ಎಷ್ಟು ಹರಿವು ಇರುತ್ತದೆ ಎಂದು ಅವರು ಹೇಳಿದರು, ಸರಿಯಾಗಿಯೇ ಹೇಳಿದರು. ಮೋರಿಯ ಸುದ್ದಿ ಅವರಿಗೂ ಗೊತ್ತಿರಲಿಲ್ಲ. ಎರಡು ರಾಜ್ಯದ ಮೂರು ಇಲಾಖೆಯ ಅಧಿಕಾರಿಗಳ ಕೈಯಲ್ಲಿ ಅಂಕಿಗಳಿದ್ದವು, ಹದಿನಾಲ್ಕು ಮನೆಗೆ ಬೇಕಾದ ಒಂದು ಅಂಕಿ ಯಾರ ಕೈಯಲ್ಲೂ ಇರಲಿಲ್ಲ.

ಮನಸ್ಸು ತಡೆಯದೆ ತಲಾಟಿಯವರಿಗೆ ಹೇಳಿ ತೋಟಪಟ್ಟಿಗೆ ಫೋನು ಮಾಡಿಸಿದೆ. ಒಂದೂ ಹತ್ತಲಿಲ್ಲ. ಕಂಬಗಳ ಬುಡಕ್ಕೆ ನೀರು ಬಂದಿದ್ದರಿಂದ ಮಧ್ಯಾಹ್ನವೇ ವಿದ್ಯುತ್ ಕಂಪನಿಯವರು ಆ ಲೈನು ತೆಗೆದಿದ್ದರು. ತೆಗೆಯಬೇಕಾದದ್ದೇ, ಇಲ್ಲದಿದ್ದರೆ ಜೀವ ಹೋಗುತ್ತವೆ. ಮೊಬೈಲ್ ಟವರಿಗೂ ಅದೇ ಲೈನಿನಿಂದ ಕರೆಂಟು ಹೋಗುತ್ತಿತ್ತು. ಬ್ಯಾಟರಿ ಕೆಲವು ತಾಸು ನಡೆದು ನಿಂತಿತು. ಲೈನು ತೆಗೆದವರು ನನಗೆ ತಿಳಿಸಲಿಲ್ಲ, ತೆಗೆದಿರೇನು ಎಂದು ನಾನೂ ಕೇಳಲಿಲ್ಲ. ಟವರ್ ನಿಲ್ಲುವ ಮೊದಲು ಒಬ್ಬ ಓಲೇಕಾರರನ್ನು ಸೈಕಲ್ಲಿನ ಮೇಲೆ ಕಳಿಸಿ ದವಂಡಿ ಸಾರಿಸಿದ್ದರೂ ಸಾಕಿತ್ತು. ರಾತ್ರಿ ಹನ್ನೊಂದಕ್ಕೆ ಜೀಪು ಕಳಿಸಿದೆ. ಹಳ್ಳದ ಹತ್ತಿರ ಹೋಗಿ ಅದು ತಿರುಗಿ ಬಂತು. ಮೋರಿಯ ಮೇಲೆ ಎದೆಮಟ್ಟದ ನೀರು, ಸೆಳವು ಬೇರೆ.

ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯಲಾರೆ. ಕಚೇರಿಯಲ್ಲೇ ಕೂತಿದ್ದೆ.

ಬೆಳಗ್ಗೆ ಅಂಬಿಗರ ದೋಣಿಯಲ್ಲಿ ಹೋದೆವು. ರಕ್ಷಣಾ ಪಡೆಯ ರಬ್ಬರ್ ದೋಣಿಗಳು ಬೇರೆ ಬೇರೆ ಕಡೆ ಸಿಕ್ಕಿಬಿದ್ದಿದ್ದವು. ನಿಪ್ಪಾಣಿ–ಕೊಲ್ಹಾಪುರದ ಹೆದ್ದಾರಿಯೇ ನೀರಿನಲ್ಲಿತ್ತು. ತೋಟಪಟ್ಟಿಯಲ್ಲಿ ಒಂದೇ ಆರ್‌ಸಿಸಿ ಮನೆ. ಅದರ ಮಾಳಿಗೆಯ ಮೇಲೆ ಎಲ್ಲರೂ ಇದ್ದರು, ಹಬ್ಬಕ್ಕೆ ಬಂದ ಹೆಣ್ಣುಮಕ್ಕಳು, ಕೂಸುಗಳು, ಮುದುಕರು, ತಾಡಪತ್ರಿಯ ಕೆಳಗೆ. ಉಂಡಿಯ ಡಬ್ಬಿಗಳನ್ನು ಮೇಲೆ ತಂದುಕೊಂಡಿದ್ದರು, ರಾತ್ರಿಯೆಲ್ಲ ಮಕ್ಕಳಿಗೆ ಅದೇ ಊಟ. ಒಂದು ಜೀವಕ್ಕೂ ಅಪಾಯವಾಗಲಿಲ್ಲ. ಇದನ್ನು ನಾನು ನನ್ನ ಪುಣ್ಯಕ್ಕೆ ಬರೆದುಕೊಳ್ಳುವ ಹಾಗಿಲ್ಲ. ಆ ಮನೆ ಕಟ್ಟಿಸಿದವರ ಪುಣ್ಯ ಅದು.

ನೀರು ಹೊಳೆಯ ಕಡೆಯಿಂದ ಬಂದಿರಲಿಲ್ಲ. ಹೊಳೆ ಏರಿದಂತೆ ಹಳ್ಳದ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತಿ, ತೋಟಪಟ್ಟಿಯ ಬೆನ್ನಿನಿಂದ ಕತ್ತಲಲ್ಲಿ ನುಗ್ಗಿತ್ತು. ಕೊಟ್ಟಿಗೆಗಳಿರುವುದು ಬೆನ್ನಿನ ಕಡೆಗೇ. ಎಚ್ಚರವಾದವರು ಕೈಗೆ ಸಿಕ್ಕ ಹಗ್ಗ ಬಿಚ್ಚಿದರು, ಕುಡಗೋಲಿನಿಂದ ಕೊಯ್ದರು. ಕೆಲವು ಕೊಟ್ಟಿಗೆಗೆ ಹೋಗಲು ಆಗಲೇ ಇಲ್ಲ. ಇಪ್ಪತ್ಮೂರು ದನ ಸತ್ತವು. ಕಾಕಾನವು ಐದು, ಅದರಲ್ಲಿ ನಾಲ್ಕು ಕರೆಯುವ ಎಮ್ಮೆ.

ನೀರಿಳಿಯಲು ವಾರಕ್ಕಿಂತ ಹೆಚ್ಚು ಬೇಕಾಯಿತು. ಇಳಿದ ಮೇಲೆ ನಾನು ಹೋಗಿ ನಿಂತದ್ದು ಆ ಕೊಟ್ಟಿಗೆಯ ಮುಂದೆ. ಕಾಕಾ ಸಿಟ್ಟಿಗೇಳಲಿಲ್ಲ. ಒಂದು ಹಗ್ಗವನ್ನು ಗೂಟದಿಂದ ಬಿಚ್ಚುತ್ತ, ನನ್ನ ಕಡೆ ನೋಡದೆ ಹೇಳಿದರು: “ಮಗಳ ಮಾತ ಸುಳ್ಳ ಮಾಡಿ ನಿಮ್ಮ ಮಾತ ಖರೆ ಮಾಡಿದ್ವಿರಿ.”

ನಾನು ಉತ್ತರ ಕೊಡಲಿಲ್ಲ. ಉತ್ತರ ಇರಲಿಲ್ಲ.

ಆಮೇಲೆ ಪರಿಹಾರದ ಕೆಲಸ. ಆಗಿನ ನಿಯಮದಲ್ಲಿ ಕರೆಯುವ ಎಮ್ಮೆಗೆ 30,000 ರೂಪಾಯಿ, ಒಂದು ಮನೆಗೆ ಹೆಚ್ಚೆಂದರೆ ಮೂರಕ್ಕೆ. ಪಶುವೈದ್ಯರ ಪ್ರಮಾಣಪತ್ರ ಬೇಕು. ಹಗ್ಗದಲ್ಲೇ ಸತ್ತ ದನಕ್ಕೆ ಹೆಣವಿತ್ತು, ಪ್ರಮಾಣ ಸಿಕ್ಕಿತು. ಬಿಚ್ಚಿಬಿಟ್ಟು ಹೊಳೆಪಾಲಾದ ದನಕ್ಕೆ ಹೆಣವಿಲ್ಲ. ಉಳಿಸಲು ಹೋದವನೇ ಪುರಾವೆ ಹುಡುಕಬೇಕಾಯಿತು. ಆ ಮನೆಗಳಿಗಾಗಿ ಪಂಚನಾಮೆ ಮಾಡಿಸಿ ನಾನು ಓಡಾಡಿದ್ದು ನಿಜ. ಆದರೆ ಇನ್ನೊಂದನ್ನೂ ಹೇಳಬೇಕು. ಮೇಲಿನವರಿಗೆ ಕಳಿಸಿದ ವರದಿಯಲ್ಲಿ ‘ಅನಿರೀಕ್ಷಿತವಾಗಿ ನೀರು ನುಗ್ಗಿದ್ದರಿಂದ’ ಎಂದು ನಾನು ಬರೆದೆ. ಒಬ್ಬ ಹೆಣ್ಣುಮಗಳು ಕುರುಂದವಾಡದಿಂದ ಎರಡು ದಿನ ಮೊದಲೇ ನಿರೀಕ್ಷಿಸಿದ್ದಳು. ಅವಳ ತಂದೆ ಬಂದು ನನ್ನ ಮೇಜಿನ ಮುಂದೆ ನಿಂತು ಹೇಳಿದ್ದರು. ಆ ವರದಿಯೂ ನನ್ನ ಕೈಬರಹವೇ.

ವರದಿ ಹೋದ ರಾತ್ರಿ ಹಳೆಯ ಕಡತ ತೆಗೆಸಿ ಮೇ ತಿಂಗಳ ಪತ್ರವನ್ನು ಮತ್ತೆ ಓದಿದೆ. ‘ನಿಮ್ಮ ಯಾವ ಊರಿನ ಯಾವ ಹಾದಿ.’ ಕೇಳಿದ್ದು ಅದನ್ನೇ. ಆ ಪಟ್ಟಿ ಮಾಡಲು ಕೂತಿದ್ದರೆ ತಲಾಟಿಯವರು ಊರಿಗೆ ಹೋಗುತ್ತಿದ್ದರು, ಕಾಕಾ ಮೋರಿಯನ್ನು ತೋರಿಸುತ್ತಿದ್ದರು, ಒಂದು ಮಧ್ಯಾಹ್ನದ ಕೆಲಸ. ಉತ್ತರವನ್ನು ಆಚೆಗೆ ಕಳಿಸದೆ ಇದ್ದರೂ ಪಟ್ಟಿ ನನ್ನ ಬಳಿ ಇರುತ್ತಿತ್ತು.

ಸೆಪ್ಟೆಂಬರಿನಲ್ಲಿ ರಸ್ತೆಗಳು ತೆರೆದ ಮೇಲೆ ಯಾರ ಅನುಮತಿಯನ್ನೂ ಕೇಳದೆ ಒಂದು ಭಾನುವಾರ ಹೊಳೆ ದಾಟಿ ಹೋದೆ. ಆ ನಾಯಬ್ ತಹಶೀಲ್ದಾರರ ಕಣ್ಣಲ್ಲಿ ನಿದ್ದೆಯಿಲ್ಲದ ಕೆಂಪು ಇನ್ನೂ ಇತ್ತು. ಅವರ ಕಡೆಯ ಹಾನಿಯ ಮುಂದೆ ನಮ್ಮದು ಏನೂ ಅಲ್ಲ, ಶಿರೋಳ, ಸಾಂಗ್ಲಿಯ ಕಡೆ ಊರಿಗೆ ಊರೇ ನೀರಿನಲ್ಲಿದ್ದವು. ಪತ್ರದ ಪ್ರತಿಯನ್ನು ಅವರ ಮುಂದಿಟ್ಟು, ನಾನು ಬರೆದ ಷರಾವನ್ನು ಮರಾಠಿಯಲ್ಲಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಮ್ಮ ಕಡೆಯದೇ ಕನ್ನಡದಲ್ಲಿ ಮಾತಾಡಿದರು.

“ಸಾಹೇಬ್ರ, ನಮ್ಮ ಮನಿಯವರ ತವರ ನಿಮ್ಮ ಕಡೇನ ಐತ್ರಿ. ನನಗ ಮಾತಾಡಾಕ ಬರತೈತಿ, ಬರಿಯಾಕ ಬರೂದಿಲ್ಲ. ಫೋನ್ ಮಾಡಬೇಕಂತ ಅನಕೊಂಡಿದ್ದೆ. ನೀವು ದೊಡ್ಡ ಸಾಹೇಬ್ರು, ಗುರತಿಲ್ಲ, ಹೆಂಗ ಮಾಡೂದಂತ ಬಿಟ್ಟೆ.”

ಅಂದರೆ ಅವರಿಗೂ ಒಂದು ಅಂಜಿಕೆ ಇತ್ತು. ಹೊಳೆಯ ಎರಡೂ ದಂಡೆಯಲ್ಲಿ ಒಬ್ಬೊಬ್ಬರು ಒಬ್ಬರ ಫೋನಿಗೆ ಒಬ್ಬರು ಕಾಯುತ್ತ ಕೂತಿದ್ದೆವು. ಅವರ ಮನೆಯಲ್ಲಿ ಊಟ ಮಾಡಿ ಬಂದೆ. ಜೋಳದ ರೊಟ್ಟಿ, ಝುಣಕ. ಆ ಊಟದ ಮೇಲೆ ನಡೆದಷ್ಟು ಕೆಲಸ ಅದಕ್ಕೂ ಮುಂಚಿನ ಹತ್ತು ವರ್ಷದ ಸಭೆಗಳಿಂದ ನಮ್ಮ ಹೊಳೆಯ ಮೇಲೆ ನಡೆದಿರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಆ ಚಳಿಗಾಲದಲ್ಲಿ ನಾವು ಹೊಳೆದಂಡೆಯಲ್ಲಿ ನಡೆದೆವು. ತಲಾಟಿ, ಲೈನ್‌ಮನ್, ನೀರಾವರಿಯ ಒಬ್ಬ ಕಿರಿಯ ಎಂಜಿನಿಯರ್, ಅಂಬಿಗರು, ಎರಡು ಸಲ ಆಚೆಯ ನಾಯಬ್ ತಹಶೀಲ್ದಾರರೂ. ಪ್ರತಿ ಊರಿನಲ್ಲಿ ಹಳಬರನ್ನು ಕೇಳಿದೆವು: 2005ರಲ್ಲಿ ನೀರು ಎಲ್ಲಿಗೆ ಬಂದಿತ್ತು, ಈ ಸಲ ಎಲ್ಲಿಗೆ, ಮೊದಲು ಯಾವ ಹಾದಿ ಹೋಗುತ್ತದೆ? ಹೇಳಲು ಜನ ಕಾದಿದ್ದರು. ಗುಡಿಯ ಮೆಟ್ಟಿಲು, ಹಾಲಿನ ಡೇರಿಯ ಕಟ್ಟೆ, ಹುಣಸೆಮರದ ಬೊಡ್ಡೆ, ಎಲ್ಲದಕ್ಕೂ ಅವರ ಬಳಿ ಲೆಕ್ಕವಿತ್ತು. ನಾವು ಮಾಡಿದ್ದು ಆ ಮೆಟ್ಟಿಲುಗಳನ್ನು ಮಾಪಕದ ಅಂಕಿಗೆ ಜೋಡಿಸಿದ್ದು ಅಷ್ಟೆ. ಅಪಾಯದ ಮಟ್ಟ ಎಂಬುದು ಹೊಳೆಗೆ ಒಂದೇ ಇರಬಹುದು, ಊರಿಗೆ ಒಂದೊಂದು, ತೋಟಪಟ್ಟಿಗೆ ಮತ್ತೊಂದು.

ಕಾಕಾನ ಹಾದಿಯ ಮೋರಿಗೆ ಲೆವೆಲ್ ಹಿಡಿದ ದಿನ ನಾನೇ ಅಲ್ಲಿದ್ದೆ. ನಮ್ಮ ಬ್ಯಾರೇಜಿನ ಅಪಾಯದ ಮಟ್ಟಕ್ಕೆ ಅರ್ಧ ಮೀಟರ್ ಉಳಿದಿರುವಾಗಲೇ ಆ ಮೋರಿ ಮುಳುಗುತ್ತದೆ. ಚೌತಿಯ ದಿನ ನಾನು ಅವರಿಗೆ ಹೇಳಿದ ಮುಕ್ಕಾಲು ಮೀಟರಿನಲ್ಲಿ ಅವರ ಪಾಲಿಗೆ ಉಳಿದದ್ದು ಒಂದು ಗೇಣು. ಎಂಜಿನಿಯರ್ ಆ ಅಂಕಿ ಓದಿದಾಗ ಕಾಕಾ ಪಕ್ಕದಲ್ಲೇ ಇದ್ದರು. ಕೈ ಚಾಚಿ ಹೆಬ್ಬೆರಳು ಕಿರುಬೆರಳು ಅಗಲಿಸಿ ತಾವೇ ನೋಡಿಕೊಂಡರು.

ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದೆವು, ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ. ಆಚೆಯ ಅಡಿ, ಈಚೆಯ ಮೀಟರ್, ಮುಳುಗುವ ಹಾದಿ, ಏಳಬೇಕಾದ ಮನೆಗಳು, ದನ ಕಟ್ಟುವ ಜಾಗ, ಫೋನು ಮಾಡುವವರು, ಅವರು ಸಿಗದಿದ್ದರೆ ಇನ್ನೊಬ್ಬರು. ಯಾವ ಲೈನು ತೆಗೆದರೆ ಯಾವ ಟವರ್ ನಿಲ್ಲುತ್ತದೆ ಎಂಬ ಒಂದು ಕಾಲಮ್ಮನ್ನು ಲೈನ್‌ಮನ್ ಸೇರಿಸಿದರು. ನನ್ನ ಪಾಲಿಗೆ ಆ ಹಾಳೆಯ ಅತಿ ಮುಖ್ಯ ಕಾಲಮ್ಮು ಅದು. ಊರ ಚಾವಡಿಯ ಗೋಡೆಗೆ ಪ್ರತಿ ಅಂಟಿಸಿದೆವು, ಸೇತುವೆಯ ಕಂಬಗಳಿಗೆ ಬಣ್ಣದ ಗೆರೆ ಎಳೆಸಿದೆವು.

2021ರ ಜುಲೈನಲ್ಲಿ ಅದು ಪರೀಕ್ಷೆಗೆ ಬಂತು. ಎರಡೇ ದಿನದಲ್ಲಿ ಘಟ್ಟದ ಮೇಲೆ ಬಿದ್ದ ಮಳೆಗೆ ಪಂಚಗಂಗಾ ಮತ್ತೆ ಮೈಮರೆತು ಏರಿತು, ಹೆದ್ದಾರಿ ಮತ್ತೆ ಮುಳುಗಿತು. ಈ ಸಲ ಆಚೆಯಿಂದ ಮಧ್ಯಾಹ್ನವೇ ಫೋನು ಬಂತು, ಕನ್ನಡದಲ್ಲಿ. ಕತ್ತಲಾಗುವ ಮೊದಲೇ ಕಾಕಾನ ತೋಟಪಟ್ಟಿಯ ದನಗಳೆಲ್ಲ ಶಾಲೆಯ ಆವರಣದಲ್ಲಿದ್ದವು. ಕೊರೊನಾದ ಕಾಲ, ಕೇಂದ್ರದಲ್ಲಿ ಜನರನ್ನು ದೂರ ದೂರ ಮಲಗಿಸುವುದೇ ದೊಡ್ಡ ತಾಪತ್ರಯವಾಯಿತು. ಕಬ್ಬು ಈ ಸಲವೂ ಕೊಳೆಯಿತು. ಮತ್ತೊಂದು ಊರಿನಲ್ಲಿ ನಮ್ಮ ಹಾಳೆಯಾದ ಮೇಲೆ ಕಟ್ಟಿದ ಮೂರು ಮನೆ ಪಟ್ಟಿಯಲ್ಲಿರಲಿಲ್ಲ, ಅವರನ್ನು ರಾತ್ರಿ ದೋಣಿಯಲ್ಲೇ ತರಬೇಕಾಯಿತು. ಹಾಳೆಯನ್ನು ಪ್ರತಿ ಬೇಸಿಗೆ ಹೊಸದು ಮಾಡಬೇಕು ಎಂಬುದು ಆಗ ಹೊಳೆಯಿತು.

ಮೇಲಿನ ಮಟ್ಟದ ಮಾತು ನನ್ನ ಅಳವಿಗೆ ಮೀರಿದ್ದು, ಆದರೂ ನೋಡಿದ್ದನ್ನು ಹೇಳುತ್ತೇನೆ. ನೆರೆ ಬಂದಾಗ ಆಚೆಯವರು ಕೆಳಗೆ ನೋಡಿ ಆಲಮಟ್ಟಿಯ ಹಿನ್ನೀರು ಎನ್ನುತ್ತಾರೆ, ನಾವು ಮೇಲೆ ನೋಡಿ ಕೊಯ್ನಾದ ನೀರು ಎನ್ನುತ್ತೇವೆ. 2019ರ ನೆರೆಯ ಬಗ್ಗೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ ಆಲಮಟ್ಟಿಯನ್ನು ಕಾರಣವೆಂದು ಹೇಳಲಿಲ್ಲ. ಆದರೂ ಆ ಮಾತು ನಿಂತಿಲ್ಲ. ಬೇಸಿಗೆಯಲ್ಲಿ ಇದೇ ಹೊಳೆ ನಮ್ಮಲ್ಲಿ ಬತ್ತುತ್ತದೆ, ಕೊಯ್ನಾದಿಂದ ನೀರು ಬಿಡಿ ಎಂದು ನಾವು ಕೇಳುತ್ತೇವೆ. ಬದಲಿಗೆ ನಮ್ಮ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಜತ್ತದ ಒಣ ಊರುಗಳಿಗೆ ನೀರು ಕೊಡಿ ಎಂದು ಅವರು ಕೇಳುತ್ತಾರೆ. ವರ್ಷಗಳಿಂದ ಈ ಕೊಡು-ಕೊಳ್ಳುವ ಮಾತು ನಡೆದಿದೆ. ಜತ್ತದ ಆ ಊರುಗಳಲ್ಲಿ ನನ್ನ ತಾಯಿಯ ಊರೂ ಒಂದು. ಅಲ್ಲಿನ ಕನ್ನಡದ ಮಂದಿಗೆ ನೀರು ಹೋದರೆ ಆ ನೀರು ಯಾವ ರಾಜ್ಯಕ್ಕೆ ಹೋಯಿತು ಎಂದು ನಾನು ಹೇಗೆ ಲೆಕ್ಕ ಹಾಕಲಿ? 2022ರ ನವೆಂಬರಿನಲ್ಲಿ ಎರಡೂ ರಾಜ್ಯದ ರಾಜ್ಯಪಾಲರು ಕೊಲ್ಹಾಪುರದಲ್ಲಿ ಕೂತು ಗಡಿ ಜಿಲ್ಲೆಗಳ ಅಧಿಕಾರಿಗಳ ಸಭೆ ನಡೆಸಿದರು. ಅಂಥ ಸಭೆಗಳು ಆಗಬೇಕು. ಅದರ ನಡಾವಳಿ ಕೆಳಗಿಳಿದು ನನ್ನಂಥವನ ಮೇಜಿಗೆ ಬಂದಾಗ ‘ತಕ್ಕದ್ದು’ ಎಂಬಲ್ಲಿಗೆ ನಿಲ್ಲದಿರಲಿ ಎಂಬುದಷ್ಟೇ ನನ್ನ ಆಸೆ. ಅದನ್ನು ನಿಲ್ಲಿಸಿದವನು ನಾನೇ ಆಗಿದ್ದರಿಂದ ಈ ಮಾತು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ನಿವೃತ್ತಿಯ ದಿನ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಕಪಾಟಿನ ಕೀಲಿ, ಮುದ್ರೆ, ಬಾಕಿ ಕಡತಗಳ ಜೊತೆ ಆ ಹಾಳೆಯನ್ನೂ ಸೇರಿಸಿದೆ. ಹೊಸದಾಗಿ ಬಂದವರನ್ನು ಜೀಪಿನಲ್ಲಿ ಕೂರಿಸಿಕೊಂಡು ಸೇತುವೆಯ ತನಕ ಹೋದೆ. ಆಚೆಯ ನಾಯಬ್ ತಹಶೀಲ್ದಾರರಿಗೆ ಅಷ್ಟರಲ್ಲಿ ವರ್ಗವಾಗಿತ್ತು, ಅವರ ಜಾಗಕ್ಕೆ ಬಂದವರನ್ನು ಅವರೇ ಫೋನಿನಲ್ಲಿ ಒಪ್ಪಿಸಿ ಕಳಿಸಿದ್ದರು. ಇಬ್ಬರೂ ನನ್ನ ಮುಂದೆಯೇ ನಂಬರ್ ಬರೆದುಕೊಂಡರು. ಅವರ ನಂತರ ಬಂದವರು ಬರೆದುಕೊಂಡಿದ್ದಾರೋ ಇಲ್ಲವೋ ಎಂಬ ಚಿಂತೆ ಪ್ರತಿ ಮೇ ತಿಂಗಳಲ್ಲಿ ನನಗೆ ಬರುತ್ತದೆ.

ಈಗ ನಾನು ಹೊಳೆಯಿಂದ ದೂರದ ಊರಿನಲ್ಲಿದ್ದೇನೆ. ಕಾಕಾನ ಮನೆಯಲ್ಲಿ ಮತ್ತೆ ಮೂರು ಎಮ್ಮೆ ಇವೆ. ಅವುಗಳ ಹಗ್ಗವನ್ನು ಈಗ ಅವರು ಮಳೆಗಾಲದಲ್ಲಿ ಎಳೆದರೆ ಬಿಚ್ಚುವ ಸರಗಂಟಿನಲ್ಲಿ ಕಟ್ಟುತ್ತಾರೆ. ಹೋದ ಮಳೆಗಾಲದಲ್ಲೂ ಒಂದು ಮುಂಜಾನೆ ಅವರ ಫೋನು ಬಂತು.

“ಸಾಹೇಬ್ರ, ಮಗಳು ಹೇಳಿದ್ಲರಿ. ವಾಡಿಯಾಗ ದಕ್ಷಿಣದ್ವಾರ ಆತಂತ. ನಾವ ಮ್ಯಾಲ ಹೊಂಟೇವ್ರಿ.”